ಒಂದು ಸುಡುತ್ತಿತ್ತು, ಒಂದು ಬೆಚ್ಚಗಿತ್ತು

ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಪುಣೆಯ ಕೋಥರೂಡಿನ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಮಗನ ರಿಮೋಟ್ ಕಾರು ಮಾತು ಕೇಳುವುದನ್ನು ಬಿಟ್ಟಿತು. ಎಡಕ್ಕೆ ತಿರುಗಿದ್ದ ಚಕ್ರ ಎಡಕ್ಕೇ ಉಳಿಯಿತು. ಮೋಟಾರಿನ ಸದ್ದು ನಿಂತಿತು. ಅಷ್ಟರಲ್ಲಾಗಲೇ ಬಂದಿದ್ದ ವೇಗದಲ್ಲಿ ಉರುಳಿಕೊಂಡು ಹೋಗಿ ಕೆಳಮನೆಯವರ ಸ್ಕೂಟರಿಗೆ ಬಡಿಯಿತು. ಎತ್ತಿಕೊಂಡು ಇಬ್ಬರೂ ಅದರ ಹೊಟ್ಟೆ ನೋಡುತ್ತಿದ್ದಾಗಲೇ, ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ತಾನಾಗಿಯೇ ಜೀವ ಬಂದು ಚಕ್ರ ನೆಟ್ಟಗಾಯಿತು. "ಪಪ್ಪಾ, ಇದು ಬೇಕಂತನ ಮಾಡಾಕತ್ತದ," ಎಂದ. ಹುಟ್ಟಿದ್ದು ಪುಣೆಯಲ್ಲಾದರೂ ಮಾತು ಇಂಡಿ ಕಡೆಯದು, ಅದೊಂದು ಸಮಾಧಾನ ನನಗೆ.

ಹದಿನೆಂಟು ವರ್ಷದಿಂದ ಈ ಊರಲ್ಲಿ ಸರ್ಕ್ಯೂಟ್ ಬೋರ್ಡುಗಳ ಜೊತೆಗೇ ಹೊಟ್ಟೆ ಹೊರೆದವನು ನಾನು. ತಾನಾಗಿ ನಿಂತು, ತಾನಾಗಿ ಏಳುವ ಯಂತ್ರ ಕಂಡರೆ ಮೊದಲು ನೆನಪಾಗುವುದು ಬಿಸಿ. ಮನೆಗೆ ತಂದು, ಕಾರಿನ ವೇಗ ನಿಯಂತ್ರಕದ ಮೇಲಿನ ಪ್ಲಾಸ್ಟಿಕ್ ಕವಚ ಕೊಯ್ದು, ಬ್ಯಾಟರಿ ಹಚ್ಚಿ ಎರಡು ನಿಮಿಷ ಸ್ಟೇರಿಂಗ್ ಆಡಿಸಲು ಹೇಳಿದೆ. ಬೋರ್ಡಿನ ಅಂಚಿನಲ್ಲಿ ಪಕ್ಕಪಕ್ಕ ಎರಡು ಪುಟ್ಟ ಕಪ್ಪು ಚಿಪ್ಪುಗಳು, ಅವಳಿಗಳ ಹಾಗೆ. ಒಂದರ ಮೇಲೆ ಬೆರಳಿಟ್ಟೆ, ಚುರುಕ್ಕೆಂದಿತು. ಇನ್ನೊಂದರ ಮೇಲೆ ಇಟ್ಟೆ. ಬೆಚ್ಚಗಿತ್ತು ಅಷ್ಟೇ, ಅದೂ ಪಕ್ಕದ್ದರ ಬಿಸಿಯಿಂದ.

ಆ ಎರಡು ಚಿಪ್ಪುಗಳ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾಗದು. ರಿಮೋಟ್ ಕಾರಿನಲ್ಲಿ ಬ್ಯಾಟರಿ ಒಂದೇ. ಅದರ ಹೆಚ್ಚಿನ ಪಾಲು ಮೋಟಾರಿಗೆ. ಆದರೆ ರಿಮೋಟಿನ ಸಂದೇಶ ಕೇಳುವ ರಿಸೀವರಿಗೂ ಚಕ್ರ ತಿರುಗಿಸುವ ಸರ್ವೋಗೂ ಬೇಕಾದ್ದು ಸುಮಾರು 5 ವೋಲ್ಟ್. ಬ್ಯಾಟರಿಯ ವೋಲ್ಟೇಜನ್ನು ಇಳಿಸಿ 5ಕ್ಕೆ ಹಿಡಿದಿಡುವ ಕೆಲಸ ಆ ರೆಗ್ಯುಲೇಟರುಗಳದ್ದು. ಅಗ್ಗದ ನಿಯಂತ್ರಕಗಳಲ್ಲಿ ಇರುವುದು ಹಳೆಯ 7805ರ ಜಾತಿಯವು, ಎಲೆಕ್ಟ್ರಾನಿಕ್ಸ್ ಓದಿದ ಯಾರಿಗೂ ಮೊದಲ ಲ್ಯಾಬಿನ ಗೆಳೆಯ. ಇದರ ವಿಧಾನ ತೀರಾ ಸರಳ: ಮೇಲಿನಿಂದ ಎಷ್ಟೇ ಬರಲಿ, ಕೆಳಗೆ 5 ಕೊಡುತ್ತದೆ, ನಡುವಿನ ವ್ಯತ್ಯಾಸವನ್ನು ತನ್ನ ಮೈಯಲ್ಲಿ ಸುಟ್ಟುಕೊಳ್ಳುತ್ತದೆ. ಬೇರೆ ಉಪಾಯ ಅದಕ್ಕೆ ಗೊತ್ತಿಲ್ಲ.

ಮೊದಲು ಈ ಕಾರಿನಲ್ಲಿ ಇದ್ದದ್ದು ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ. ಪೂರ್ತಿ ಚಾರ್ಜಾದಾಗ 8.4 ವೋಲ್ಟ್. ಒಂದು ಆಂಪಿಯರ್ ಹರಿದರೆ ಸುಡುವುದು 3.4 ವ್ಯಾಟ್. ವೇಗ ಸಾಲದೆಂದು ಮಗ ಮೂರು ಸೆಲ್ಲಿನದು ಹಾಕಿದ. ನಾನೇ ಕೊಡಿಸಿದ್ದು, ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಅರ್ಧ ದಿನ ಸುತ್ತಿ. ಈಗ 12.6 ವೋಲ್ಟ್; ಅದೇ ಒಂದು ಆಂಪಿಯರಿಗೆ 7.6 ವ್ಯಾಟ್. ಕಾರು ಹಾರಿತು, ಎಲ್ಲರಿಗೂ ಖುಷಿ. ರಿಸೀವರಿಗೆ ಸಿಗುತ್ತಿದ್ದದ್ದು ಅದೇ 5 ವೋಲ್ಟ್, ಅದಕ್ಕೇನೂ ಬದಲಾವಣೆ ತಿಳಿಯಲಿಲ್ಲ. ಬದಲಾದದ್ದು ನಡುವೆ ನಿಂತವರ ಪಾಡು, ಅದೂ ಎರಡು ಪಟ್ಟಿಗಿಂತ ಹೆಚ್ಚು. ಹೀಟ್‌ಸಿಂಕ್ ಇಲ್ಲದ 7805ರ ಒಳಗೆ ಪ್ರತಿ ವ್ಯಾಟಿಗೆ ಸುಮಾರು 65 ಡಿಗ್ರಿ ಬಿಸಿಯೇರುತ್ತದೆ. ಹೊರಗೆ 38 ಡಿಗ್ರಿ ಇದ್ದ ದಿನ ಒಂದೂವರೆ ವ್ಯಾಟಿಗೇ ಒಳಗಿನ ಸಿಲಿಕಾನ್ 135 ಮುಟ್ಟುತ್ತದೆ. ಬೋರ್ಡಿನ ತಾಮ್ರ ಒಂದಿಷ್ಟು ಬಿಸಿ ಎಳೆದುಕೊಳ್ಳುತ್ತದೆ ನಿಜ, ಆದರೆ 7.6 ವ್ಯಾಟ್ ಅದರ ಕೈಲಾಗುವ ಮಾತಲ್ಲ. ಇನ್ನೊಂದು ತಮಾಷೆ ಕೇಳಿ. ಮೋಟಾರು ಬಿಸಿಯಾಗುತ್ತದೆಂದು ಮಗ ಅದಕ್ಕೊಂದು ಪುಟ್ಟ ಫ್ಯಾನ್ ಕೂರಿಸಿದ್ದ. ಆ ಫ್ಯಾನಿಗೂ ಕರೆಂಟು ಇದೇ ರೆಗ್ಯುಲೇಟರಿನಿಂದ.

ಅದಕ್ಕೇ ಇರಬೇಕು ಎರಡು ಇಟ್ಟಿದ್ದರು. ಒಂದಕ್ಕೆ ಭಾರವಾದರೆ ಇಬ್ಬರು ಹಂಚಿಕೊಳ್ಳಲಿ ಎಂದು. ಹಾಗಾದರೆ ಒಂದೇ ಯಾಕೆ ಸುಡುತ್ತಿತ್ತು?

ಎರಡನ್ನೂ ಬಿಚ್ಚಿ ಬೇರೆಬೇರೆಯಾಗಿ ಅಳೆದೆ. ಒಂದು 5.05 ವೋಲ್ಟ್ ಕೊಡುತ್ತಿತ್ತು, ಇನ್ನೊಂದು 4.95. ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗೆ. ಇದು ದೋಷವಲ್ಲ, 4.8ರಿಂದ 5.2ರವರೆಗೆ ಎಲ್ಲವೂ ಪಾಸು ಎಂದು ತಯಾರಕರೇ ಹೇಳುತ್ತಾರೆ. ಆದರೆ ಇಬ್ಬರನ್ನೂ ಒಂದೇ ತಂತಿಗೆ ಕಟ್ಟಿದಾಗ ಏನಾಗುತ್ತದೆ ನೋಡಿ. ಮೊದಲನೆಯದು ತಂತಿಯನ್ನು 5.05ರಲ್ಲಿ ಹಿಡಿದಿದೆ. ಎರಡನೆಯದು ತಂತಿ 4.95ಕ್ಕೆ ಇಳಿದರೆ ಕೈ ಹಾಕೋಣವೆಂದು ಕಾಯುತ್ತಿದೆ. ತಂತಿ ಇಳಿಯುವುದೇ ಇಲ್ಲ, ಮೊದಲನೆಯದು ಇಳಿಯಲು ಬಿಡುವುದಿಲ್ಲ. ಎರಡನೆಯದು ಸೋಮಾರಿ ಅಲ್ಲ. ಅದಕ್ಕೆ ಪೂರ್ತಿ ಶಕ್ತಿಯಿದೆ, ಒಳ್ಳೆಯ ಮನಸ್ಸೂ ಇದೆ ಎನ್ನೋಣ. ಕೊರತೆ ಅದರ ತನಕ ಬರುವುದಿಲ್ಲ, ಅಷ್ಟೇ. ಹತ್ತನೇ ಒಂದು ವೋಲ್ಟಿನಷ್ಟು ಹೆಚ್ಚು ತಯಾರಾಗಿದ್ದವನ ತಲೆಯ ಮೇಲೆ ಇಡೀ ಭಾರ.

ಬಿಸಿಯಾದಂತೆ ಮೊದಲನೆಯದರ ವೋಲ್ಟೇಜು ಕೊಂಚ ಕೊಂಚ ಕುಸಿಯುತ್ತದೆ, ಡಿಗ್ರಿಗೆ ಸುಮಾರು ಒಂದು ಮಿಲಿವೋಲ್ಟ್. ಎಂಬತ್ತು ತೊಂಬತ್ತು ಡಿಗ್ರಿ ಏರಿದ ಮೇಲೆ ಎರಡನೆಯದಕ್ಕೆ ಸುಳಿವು ಹತ್ತಿ ಅದೂ ಸ್ವಲ್ಪ ಹೆಗಲು ಕೊಡುತ್ತದೆ. ಬೆಂದ ಮೇಲೆ.

ಮಲ್ಟಿಮೀಟರ್ ಮೇಜಿನ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆಂದರೆ ಫೆಬ್ರುವರಿಯಲ್ಲಿ ಇಂಡಿಯಿಂದ ಒಂದು ಫೋನ್ ಬಂದಿತ್ತು.

ನಾವು ಮೂವರು ಮಕ್ಕಳು. ಅಣ್ಣ ಬೆಂಗಳೂರಿನಲ್ಲಿ, ನಾನು ಇಲ್ಲಿ, ಅಕ್ಕ ಇಂಡಿಯಲ್ಲಿ ಶಾಲೆಯ ಶಿಕ್ಷಕಿ. ಅಪ್ಪ ಹೋದ ಮೇಲೆ ಅವ್ವ ಹಳೆಯ ಮನೆಯಲ್ಲಿದ್ದಳು, ಹಿಂದೆ ನಾಲ್ಕು ನಿಂಬೆ ಗಿಡ, ಅದೇ ಓಣಿಯಲ್ಲಿ ಅಕ್ಕನ ಮನೆ. ಎರಡು ವರ್ಷದ ಹಿಂದೆ ಅವ್ವ ಬಿದ್ದು ಸೊಂಟದ ಎಲುಬು ಮುರಿಯಿತು. ಆಪರೇಷನ್‌ಗೆ ಮೂವರೂ ಕೂಡಿದ್ದೆವು. ಆಮೇಲೆ ಇಬ್ಬರು ಹಿಂತಿರುಗಿದೆವು. ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಯಾರೂ ಯಾರನ್ನೂ ವಂಚಿಸಲಿಲ್ಲ. ಅಕ್ಕ ಹತ್ತಿರವಿದ್ದಳು, ಅಕ್ಕ ಮಾಡತೊಡಗಿದಳು. ಪ್ರತಿ ರಾತ್ರಿ ಫೋನಿನಲ್ಲಿ ಕೇಳುತ್ತಿದ್ದೆ. "ಆರಾಮ ಅದೀವಿ ತಗೋ," ಎನ್ನುತ್ತಿದ್ದಳು. ಒಂದು ದಿನವೂ ಆ ಮಾತು ತಪ್ಪಲಿಲ್ಲ. ಫೆಬ್ರುವರಿಯಲ್ಲಿ ಫೋನ್ ಮಾಡಿದ್ದು ಅವಳಲ್ಲ, ಅವಳ ಜೊತೆಗೆ ಕಲಿಸುವ ಇನ್ನೊಬ್ಬ ಶಿಕ್ಷಕಿ. ಪಾಠ ಮಾಡುತ್ತಲೇ ಅಕ್ಕ ಕುಸಿದಿದ್ದಳು. ಬಿ.ಪಿ. ಯಾವಾಗಿನಿಂದಲೋ ಏರಿತ್ತು, ತೋರಿಸಿಕೊಳ್ಳಲು ಹೊತ್ತಿರಲಿಲ್ಲ.

ಸೊಲ್ಲಾಪುರದ ಮೇಲೆ ರಾತ್ರಿ ಬಸ್ಸಿನಲ್ಲಿ ಹೋದೆ. ಬೆಳಗ್ಗೆ ಮನೆ ಮುಟ್ಟಿದಾಗ ಅಕ್ಕ ಎದ್ದು ಚಹಾ ಇಟ್ಟಿದ್ದಳು. ನಾನು ಆಡಿದ ಮೊದಲ ಮಾತು, "ಹೇಳಿದ್ರ ಬರ್ತಿದ್ನಲ್ಲ ಅಕ್ಕಾ."

ನಾನು ಪರೀಕ್ಷಿಸಬೇಕೆಂದಿರುವುದು ಆ ಮಾತನ್ನೇ. ಊರು ಬಿಟ್ಟು ಬಂದ ನಮ್ಮಲ್ಲಿ ಅದನ್ನು ಒಮ್ಮೆಯಾದರೂ ಆಡದವರು ಕಡಿಮೆ. ಸುಳ್ಳು ಮಾತೇ? ಅಲ್ಲ. ಹೇಳಿದ್ದರೆ ನಿಜಕ್ಕೂ ಹೋಗುತ್ತಿದ್ದೆ, ರಜೆ ಇತ್ತು, ಮನಸ್ಸೂ ಇತ್ತು. ಅಣ್ಣನೂ ಹೋಗುತ್ತಿದ್ದ. ಹಾಗಿದ್ದೂ ಎರಡು ವರ್ಷದಲ್ಲಿ ನಾನು ಇಂಡಿಯಲ್ಲಿ ಕಳೆದದ್ದು, ಹಬ್ಬ ಎಲ್ಲ ಕೂಡಿಸಿ, ಇಪ್ಪತ್ತಮೂರು ದಿನ. ಪ್ರಾಮಾಣಿಕ ಮಾತೊಂದು ಇಷ್ಟು ಅನ್ಯಾಯದ ಜೊತೆ ಹೇಗೆ ಸಂಸಾರ ಮಾಡಬಲ್ಲದು? ಅನ್ಯಾಯವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ನಿರಾಕರಿಸಿದವನು, ಕಸಿದುಕೊಂಡವನು, ಮೋಸ ಮಾಡಿದವನು. ಇಲ್ಲಿ ಅಂಥವರು ಯಾರೂ ಇಲ್ಲ. ಇಬ್ಬರು ಸಿದ್ಧರಾಗಿ ಕಾಯುತ್ತಿದ್ದರು, ಒಬ್ಬಳು ಸುಡುತ್ತಿದ್ದಳು. ಮೂವರ ನಡತೆಯನ್ನು ಬಿಡಿಬಿಡಿಯಾಗಿ ತೂಗಿದರೆ ತಪ್ಪು ಸಿಗುವುದಿಲ್ಲ. ತಪ್ಪಿರುವುದು ಕಟ್ಟಿದ ರೀತಿಯಲ್ಲಿ. ಕಟ್ಟಿದವರೂ ನಾವೇ, ಕಟ್ಟುತ್ತಿದ್ದೇವೆಂದು ಗೊತ್ತಿಲ್ಲದೆ.

"ಹೇಳಿದ್ದರೆ" ಎಂಬ ಪದದಲ್ಲಿ ಇನ್ನೊಂದು ಕೆಲಸವನ್ನು ಅವಳ ಮೇಲೆಯೇ ಹೊರಿಸುತ್ತಿದ್ದೆ. ಮಾಡುವುದೂ ಅವಳೇ, ತನಗೆ ಸಾಕಾಯಿತೆಂದು ಸರಿಯಾದ ಹೊತ್ತಿಗೆ ಸರಿಯಾದ ದನಿಯಲ್ಲಿ ವರದಿ ಮಾಡುವುದೂ ಅವಳೇ. ಹೇಳದೆ ಹೋದದ್ದಕ್ಕೆ ತಪ್ಪೂ ಅವಳದೇ. ಅಂದು ಚಹಾದ ಲೋಟ ಕೈಗಿಡುತ್ತಾ ಅವಳು ಸಿಟ್ಟಿಲ್ಲದೆ ಹೇಳಿದ್ದಿಷ್ಟು: "ಹೋದ ವರ್ಷ ಒಮ್ಮಿ ಹೇಳಿದ್ನಲ್ಲೋ ತಮ್ಮಾ. ನೀ ರೊಕ್ಕಾ ಕಳಿಸಿದಿ."

ನಿಜ, ಕಳಿಸಿದ್ದೆ. ನೀರು ಶುದ್ಧ ಮಾಡುವ ಯಂತ್ರ ಕಳಿಸಿದ್ದೆ, ಇನ್ವರ್ಟರ್ ಕಳಿಸಿದ್ದೆ, ಎತ್ತರಿಸಿ ಇಳಿಸುವ ಮಂಚ ಕಳಿಸಿದ್ದೆ. ಇನ್ವರ್ಟರಿಗೆ ಡಿಸ್ಟಿಲ್ಡ್ ನೀರು ಯಾರು ತರಬೇಕು? ಮಂಚ ಕೆಟ್ಟಾಗ ವಿಜಯಪುರದಿಂದ ಮೆಕ್ಯಾನಿಕ್‌ನನ್ನು ಯಾರು ಕರೆಸಬೇಕು, ಅವನು ಬರುವ ದಿನ ಶಾಲೆಗೆ ಯಾರು ರಜೆ ಹಾಕಬೇಕು? ಅವ್ವನ ಸಕ್ಕರೆ ಪ್ರಮಾಣವನ್ನು ದಿನಾ ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸು ಎಂದು ನಾನು ಹೇಳಿದ್ದೆ. ಮರೆತ ದಿನ ಎರಡು ಸಲ ನೆನಪಿಸುತ್ತಿದ್ದೆ. ಅದು ನನ್ನ ಕಾಳಜಿಯ ಫ್ಯಾನು. ನನ್ನ ಸಂಬಳ ಏರಿದ ವರ್ಷ ಅವಳ ಕೆಲಸವೂ ಏರಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬಾ ಎಂದ ಕಥೆ ನಮಗೆಲ್ಲ ಗೊತ್ತು. ದುರಾಸೆಯ ವಿರುದ್ಧದ ಕಥೆಯೆಂದು ಶಾಲೆಯಲ್ಲಿ ಕಲಿತೆವು. ಹೆಚ್ಚು ತಂದದ್ದನ್ನು ಆರಿಸಿ, ತೊಳೆದು, ಬೇಯಿಸಬೇಕಾದವಳು ಅವಳೇ ಎಂಬುದು ಆಗ ಹೊಳೆದಿರಲಿಲ್ಲ. ಆ ಕಥೆ ಹೇಳಹೊರಟದ್ದು ಇದಲ್ಲ, ಇದು ನನ್ನ ಅಧಿಕಪ್ರಸಂಗ. ಆದರೂ ಈಗ ಆ ಕಥೆ ನೆನಪಾದಾಗ ಲಕ್ಕಮ್ಮನ ಕೈ ಕಾಣುತ್ತದೆ.

ಓದುವವರಲ್ಲಿ ಯಾರಾದರೂ ಕೇಳಬಹುದು, ಕೇಳಲೇಬೇಕು: ಮನುಷ್ಯಳನ್ನು ಹತ್ತು ರೂಪಾಯಿಯ ಚಿಪ್ಪಿಗೆ ಹೋಲಿಸುತ್ತೀರಲ್ಲ, ಅದಕ್ಕೆ ಇಚ್ಛೆಯಿಲ್ಲ, ಅವಳಿಗಿದೆ. ಅವಳು ಒಪ್ಪಿ ಮಾಡುತ್ತಿದ್ದಾಳೆ. ಅವ್ವನ ಕೂದಲು ಬಾಚುವಾಗ ಅವಳಿಗೆ ಸಿಗುವುದು ನಿಮಗೆ ಇಪ್ಪತ್ತಮೂರು ದಿನದಲ್ಲಿ ಸಿಕ್ಕಿಲ್ಲ. ಹೌದು. ಇದು ಬಲವಾದ ಆಕ್ಷೇಪ, ನನಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಅವಳನ್ನು ಬರೀ ನೊಂದವಳೆಂದು ನೋಡುವುದು ಅವಳಿಗೆ ಮಾಡುವ ಇನ್ನೊಂದು ಅವಮಾನ. ಆದರೆ ಒಂದು ಮಾತು. ಅವಳ ಒಪ್ಪಿಗೆ ನಮ್ಮಿಬ್ಬರ ಒಪ್ಪಿಗೆಗಿಂತ ಹತ್ತನೇ ಒಂದು ವೋಲ್ಟ್ ಮೇಲಿತ್ತು, ಅಷ್ಟೇ. ಅಷ್ಟು ಚಿಕ್ಕ ವ್ಯತ್ಯಾಸದಿಂದ ಅಷ್ಟು ದೊಡ್ಡ ಪಾಲು ಅವಳಿಗೆ ಬಂತೆಂಬುದನ್ನು ಅವಳ ಒಪ್ಪಿಗೆ ಸಮರ್ಥಿಸುವುದಿಲ್ಲ. ಒಬ್ಬರು ಹೆಚ್ಚು ಪ್ರೀತಿಸುತ್ತಾರೆ ಎಂಬುದರಿಂದ ಅವರು ಹೆಚ್ಚು ಮಾಡಬೇಕು ಎಂದು ಬಂದೀತು, ಹೋಗಲಿ. ಎಲ್ಲವನ್ನೂ ಮಾಡಬೇಕು ಎಂದು ಬರುವುದಿಲ್ಲ.

ಅವಳು ಕುಸಿದದ್ದರ ಬಗ್ಗೆಯೂ ಯೋಚಿಸಿದೆ. ಇಂಥ ರೆಗ್ಯುಲೇಟರುಗಳೊಳಗೆ, ಮೈ ತೀರಾ ಕಾದಾಗ ತಾನೇ ಕೆಲಸ ನಿಲ್ಲಿಸಿ ತಣ್ಣಗಾಗುವ ಏರ್ಪಾಡು ಇರುತ್ತದೆ. 1960ರ ದಶಕದ ಕೊನೆಗೆ ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್‌ನಲ್ಲಿ ಬಾಬ್ ವಿಡ್ಲರ್ ಎಂಬ ಎಂಜಿನಿಯರ್ ಎಲ್‌ಎಂ109 ಎಂಬ ಚಿಪ್ಪಿನಲ್ಲಿ ಇದನ್ನು ಅಳವಡಿಸಿದ. ಸುಟ್ಟುಹೋಗುವ ಮೊದಲು ನಿಲ್ಲುವ ಹಕ್ಕು ಎನ್ನೋಣ. ಚಿಪ್ಪಿನ ಮಟ್ಟಿಗೆ ದೊಡ್ಡ ಉಪಕಾರ. ಆದರೆ ಕಾರು ಓಡುತ್ತಿರುವಾಗ ಅದು ನಿಂತರೆ ರಿಸೀವರ್ ಸಾಯುತ್ತದೆ, ಚಕ್ರ ತಿರುಗಿದ ಕಡೆಯೇ ಉಳಿಯುತ್ತದೆ, ಸ್ಕೂಟರಿಗೆ ಬಡಿಯುತ್ತದೆ. ನಿಲ್ಲುವ ಹಕ್ಕು ಇದ್ದೂ ನಿಲ್ಲಲಾಗದ ಜಾಗದಲ್ಲಿ ಒಬ್ಬರನ್ನೇ ಇಟ್ಟರೆ ಆ ಹಕ್ಕಿಗೆ ಏನರ್ಥ? ಅಕ್ಕನಿಗೆ ಎಲ್ಲರೂ ಹೇಳುತ್ತಿದ್ದರು, ಸ್ವಲ್ಪ ರೆಸ್ಟ್ ತಗೋ ಎಂದು. ನಾನೂ ಹೇಳುತ್ತಿದ್ದೆ, ಮುನ್ನೂರು ಕಿಲೋಮೀಟರ್ ದೂರದಿಂದ.

ಇನ್ನು ಪರಿಹಾರಕ್ಕೆ ಬರುತ್ತೇನೆ. ಈ ಬಿಸಿಗೆ ಇಂದಿನ ಮಾಮೂಲಿ ಉತ್ತರ ಸ್ವಿಚಿಂಗ್ ರೆಗ್ಯುಲೇಟರ್. ಅದು ವ್ಯತ್ಯಾಸವನ್ನು ಸುಡುವುದಿಲ್ಲ, ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ತುಂಡರಿಸಿ ಬೇಕಾದಷ್ಟನ್ನೇ ದಾಟಿಸುತ್ತದೆ. ಹೊರಗಿನಿಂದ ಒಂದನ್ನು ತಂದು ಹಚ್ಚಿ, ಹಳೆಯದರ ಕೆಂಪು ತಂತಿ ಕಳಚಿದರೆ ಮುಗಿಯಿತು. ಮನೆಯ ಮಟ್ಟಿಗೆ ಇದರ ಸಮಾನ ಎಂದರೆ ಸಂಬಳಕ್ಕೆ ನೋಡಿಕೊಳ್ಳುವವರು. ಹಣವಿದ್ದವರು ಮಾಡಬೇಕು, ನಾವೂ ಮಾಡಿದೆವು. ಹಗಲಿಗೆ ಒಬ್ಬ ಹೆಂಗಸು ಬರುತ್ತಾರೆ, ಅಕ್ಕನ ಶಾಲೆಯ ಹೊತ್ತಿಗೆ. ಆದರೆ ರಾತ್ರಿ ಅವ್ವ ಹೆಸರು ಹಿಡಿದು ಕರೆಯುವುದು ಅಕ್ಕನನ್ನೇ. ಆ ಹೆಂಗಸು ಬಾರದ ದಿನ ಫೋನ್ ಹೋಗುವುದೂ ಅಕ್ಕನಿಗೇ.

ಹಳೆಯ ಉತ್ತರ ಇನ್ನೊಂದಿದೆ. ಎರಡೂ ರೆಗ್ಯುಲೇಟರುಗಳ ಬಾಯಿಗೆ ಒಂದೊಂದು ಸಣ್ಣ ರೆಸಿಸ್ಟರ್, 0.2 ಓಮಿನದು, ಹಾಕಿ ಆಮೇಲೆ ಕೂಡಿಸುವುದು. ಈಗ ಮೊದಲನೆಯದು ಕರೆಂಟು ಹೆಚ್ಚು ಕೊಟ್ಟಷ್ಟೂ ಅದರ ರೆಸಿಸ್ಟರಿನಲ್ಲಿ ವೋಲ್ಟೇಜು ಇಳಿಯುತ್ತದೆ, ಆ ಇಳಿತ ತಂತಿಯಲ್ಲಿ ಕಾಣುತ್ತದೆ, ಎರಡನೆಯದು ಕೂಡಲೇ ಕೈ ಹಾಕುತ್ತದೆ. ಯಾರೂ ಬೇಯುವತನಕ ಕಾಯಬೇಕಿಲ್ಲ. ನಮ್ಮ 5.05 ಮತ್ತು 4.95ಕ್ಕೆ ಲೆಕ್ಕ ಹಾಕಿ ನೋಡಿ: ಒಂದು ಆಂಪಿಯರಿನಲ್ಲಿ ಮೊದಲನೆಯದರ ಪಾಲು 0.75, ಎರಡನೆಯದರದು 0.25. ಸಮಪಾಲು ಅಲ್ಲ. ಒಂದಕ್ಕೆ ಇನ್ನೂ ಮೂರು ಪಟ್ಟು. ತಂತಿಯಲ್ಲಿ ಉಳಿಯುವುದು 4.90 ವೋಲ್ಟ್. ಹಂಚಿಕೊಂಡದ್ದಕ್ಕೆ ತೆತ್ತ ಬೆಲೆ ಅದು. ರಿಸೀವರ್ 4.90ರಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತದೆ.

ಎರಡು ವಿಷಯ ಇಲ್ಲಿ ನನ್ನನ್ನು ಹಿಡಿದವು. ಒಂದು, ರೆಸಿಸ್ಟರ್ ಹಾಕುವುದು ಚಿಪ್ಪಿನ ಕೆಲಸವಲ್ಲ, ಬೋರ್ಡು ಮಾಡುವವನದು. ಅಕ್ಕ ದೂರು ಹೇಳುವುದನ್ನು ಕಲಿಯಲಿ ಎಂದು ಕಾಯುವ ಬದಲು, ಅವಳು ಹೇಳದೆಯೇ ನಮಗೆ ಮುಟ್ಟುವ ಹಾಗೆ ಏನನ್ನಾದರೂ ಕಟ್ಟಬೇಕಿತ್ತು. ಎರಡು, 5.00ಕ್ಕೆ ಹಟ ಹಿಡಿದರೆ ಹಂಚಿಕೆ ಸಾಧ್ಯವಿಲ್ಲ. ಅವ್ವನ ಸ್ನಾನ ಎಂಟು ಗಂಟೆಗೇ ಆಗಬೇಕು, ಸಾರಿನ ಉಪ್ಪು ಅಷ್ಟೇ ಇರಬೇಕು, ಹಾಸಿಗೆಯ ಮಡಿಕೆ ಹಾಗೇ ಬರಬೇಕು ಎಂದರೆ ಅದನ್ನು ಮಾಡಬಲ್ಲವಳು ಒಬ್ಬಳೇ. ಮನೆ 4.90ರಲ್ಲೂ ನಡೆದೀತು ಎಂದು ಒಪ್ಪುವುದು ಅವಳಿಗೆ ನನಗಿಂತ ಕಷ್ಟ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಎಲ್ಲ ತಪ್ಪು ನನ್ನದೆಂದರೆ ಚೆನ್ನಾಗಿ ಕಾಣುತ್ತಿತ್ತು.

ತಿಂಗಳಿಗೆ ಒಂಬತ್ತು ದಿನ ನಾನು, ಆರು ದಿನ ಅಣ್ಣ, ಅಗತ್ಯ ಇರಲಿ ಇಲ್ಲದಿರಲಿ, ಯಾರೂ ಕರೆಯಲಿ ಬಿಡಲಿ. ಕೆಲಸದ ಜಾಗದಲ್ಲಿ ಕೇಳಿದೆ. ಲ್ಯಾಪ್‌ಟಾಪಿನಿಂದ ಆಗುವಷ್ಟು ಆಗುತ್ತದೆ, ಬೋರ್ಡು ಮುಟ್ಟಲೇಬೇಕಾದ ಕೆಲಸ ಇನ್ನೊಬ್ಬರಿಗೆ ಹೋಯಿತು, ಅದರ ಜೊತೆಗೆ ಈ ಸಲದ ಬಡ್ತಿಯೂ ಹೋಗಬಹುದು. ಈ ವ್ಯವಸ್ಥೆ ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಅಣ್ಣ ಮೊದಲ ತಿಂಗಳೇ ಎರಡು ದಿನ ಕಡಿತ ಮಾಡಿದ. ಮೂರಕ್ಕೆ ಒಂದರಂತೆಯೂ ಇಲ್ಲ ನಮ್ಮ ಹಂಚಿಕೆ, ಲೆಕ್ಕ ಹಾಕಿದರೆ ನಾಚಿಕೆಯೇ.

ಮೇ ತಿಂಗಳ ಶಾಲೆಯ ರಜೆಯಲ್ಲಿ ಅಕ್ಕನನ್ನು ಒತ್ತಾಯ ಮಾಡಿ ಪುಣೆಗೆ ಕಳಿಸಿ ನಾನು ಇಂಡಿಯಲ್ಲಿ ಉಳಿದೆ. ಮಗ ಅವಳನ್ನು ಪಾರ್ಕಿಂಗ್‌ಗೆ ಕರೆದೊಯ್ದು ಕಾರು ಓಡಿಸಿ ತೋರಿಸಿದನಂತೆ, ರೆಸಿಸ್ಟರಿನ ಕಥೆಯನ್ನೂ ಹೇಳಿದನಂತೆ. ರಾತ್ರಿ ಫೋನಿನಲ್ಲಿ ನಕ್ಕಳು. "ಹಂಗಾರ ನೀವಿಬ್ರೂ ಇಷ್ಟು ದಿನ ತಣ್ಣಗ ಕುಂತಿದ್ರಿ ಅನ್ನು."

ಅಂದು ಅದು ಅವಳ ನಾಲ್ಕನೇ ಫೋನು. ಅವ್ವ ಉಂಡಳೇನು, ಗುಳಗಿ ಆತೇನು, ಕಾಲು ಒತ್ತಿದಿಯೇನು. "ಎಲ್ಲಾ ಆರಾಮ ಅದ ತಗೋ," ಎಂದೆ. ಹೇಳಿದ ಮೇಲೆ ಆ ಮಾತು ಯಾರದೆಂದು ಕಿವಿಗೆ ಬಿತ್ತು. ಸ್ವಲ್ಪ ತಡೆದು ಹೇಳಿದೆ: ಬ್ಯಾಳಿ ಹೊತ್ತಿತು, ಗುಳಗಿ ಅರ್ಧ ತಾಸು ತಡ ಆತು, ಮಧ್ಯಾಹ್ನ ಎಬ್ಬಿಸುವಾಗ ಇಬ್ಬರೂ ಬೀಳೋದರಾಗ ಉಳಿದ್ವಿ.

ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಎನ್ನುತ್ತಾಳೆಂದು ಕಾದೆ.

"ಬೋಗಾಣಿ ನೀರಾಗ ನೆನಿ ಹಾಕಿಡು," ಎಂದಳು. "ಉಜ್ಜಾಕ ಹೋಗಬ್ಯಾಡ ಈಗ. ಮಲ್ಕೋ."